ಎರಡು ಬಾಗಿಲ ಕೋಣೆ

"ಇವೆರಡೂ ಅಕ್ಕ ತಮ್ಮ ಇದ್ದ ಹಾಗೆ ಚಿಕ್ಕಮ್ಮ," ಅಂದ ಎಲೆಕ್ಟ್ರಿಷಿಯನ್ ಕೆಲೆಪಿ, ಏಣಿಯ ಮೇಲಿಂದ. "ಒಬ್ಬರು ಹೊರಗೆ ಬಂದಿದ್ರೆ ಇನ್ನೊಬ್ಬರು ಬರೋ ಹಾಗಿಲ್ಲ. ಆ ಬಾಗಿಲು ತೆರೆದಿದ್ರೆ ಈ ಬಾಗಿಲಿನ ಬೀಗ ಬಿಡಲ್ಲ. ಇದು ತೆರೆದಿದ್ರೆ ಅದು ಬಿಡಲ್ಲ. ಇಷ್ಟೇ."

ಕೆಳಗೆ ನಿಂತಿದ್ದ ನರ್ಸ್ ತೋಕಿಲುಪೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೆಳಿಗ್ಗೆ ಆಸ್ಪತ್ರೆಯ ಮ್ಯಾನೇಜರು ನಕ್ಷೆ ಹರಡಿಕೊಂಡು ಅರ್ಧ ಗಂಟೆ ಕೊರೆದಿದ್ದರೂ ತಲೆಗೆ ಹೋಗದಿದ್ದ ವಿಷಯ ಈಗ ನೆಟ್ಟಗೆ ಒಳಗೆ ಹೋಗಿ ಕೂತಿತ್ತು. ಟೋಂಗಾದಲ್ಲಿ ಹುಟ್ಟಿ ಬೆಳೆದವರಿಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಆದರೆ ನಗು ಅರ್ಧಕ್ಕೇ ನಿಂತುಹೋಯಿತು. ಆ ಕೋಣೆಗೆ ಮೊದಲು ಬರಲಿರುವವಳು ಯಾರೆಂಬುದು ಇಬ್ಬರಿಗೂ ಒಟ್ಟಿಗೆ ನೆನಪಾಗಿತ್ತು. ಅವಳು ಲೆಸಿಯೆಲಿ. ಕೆಲೆಪಿಯ ಒಡಹುಟ್ಟಿದ ಅಕ್ಕ.

ಕ್ಷಯದ ರೋಗಿಗಳಿಗೆಂದು ವರಾಂಡದ ಕೊನೆಯಲ್ಲಿ ಹೊಸದಾಗಿ ಕಟ್ಟಿದ ಕೋಣೆ ಅದು. ವರಾಂಡದಿಂದ ಗಾಜಿನ ಕಿಂಡಿಯಿರುವ ಒಂದು ಬಾಗಿಲು. ಅದನ್ನು ದಾಟಿದರೆ ಮೂರು ಜನ ನಿಂತರೆ ತುಂಬಿಹೋಗುವಂಥ ಪುಟ್ಟ ನಡುಕೋಣೆ. ನರ್ಸುಗಳು ಮಾಸ್ಕ್ ಹಾಕಿಕೊಳ್ಳುವುದು, ಕೈ ತೊಳೆಯುವುದು ಎಲ್ಲ ಅಲ್ಲಿ. ಆಮೇಲೆ ಇನ್ನೊಂದು ಬಾಗಿಲು, ಅದರಾಚೆ ರೋಗಿ. ಒಳಗಿನ ಗಾಳಿಯನ್ನು ದೊಡ್ಡ ಫ್ಯಾನೊಂದು ಎಳೆದು ಸೂರಿನ ಮೇಲಕ್ಕೆ ಬಿಡುತ್ತದೆ. ಎರಡು ಬಾಗಿಲೂ ಒಟ್ಟಿಗೆ ತೆರೆದುಕೊಂಡರೆ ರೋಗದ ಗಾಳಿ ವರಾಂಡಕ್ಕೆ ನುಗ್ಗುತ್ತದೆ. ಹಾಗಾಗಬಾರದು ಎಂದೇ ಈ ವೈರಿಂಗು.

ನಡುಕೋಣೆಯ ಗೋಡೆಯಲ್ಲಿ ತಗಡಿನ ಪೆಟ್ಟಿಗೆ, ಅದರೊಳಗೆ ಅಂಗೈಯಗಲದ ಬೋರ್ಡು. ಬೋರ್ಡಿನ ಒಂದು ಸಾಲಿಗೆ ಕೆಲೆಪಿ ಕಿವಿ ಎನ್ನುತ್ತಿದ್ದ, ಇನ್ನೊಂದು ಸಾಲಿಗೆ ಕೈ. ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂದು ಚೌಕಟ್ಟಿಗೆ ಕೂರಿಸಿದ ಪುಟ್ಟ ಅಯಸ್ಕಾಂತದ ಸ್ವಿಚ್ಚು ಹೇಳುತ್ತದೆ. ಒಳಗಿನಿಂದ ಯಾರೋ ಒತ್ತಿದರು ಎಂದು ಗುಂಡಿ, ಹೊರಗಿನಿಂದ ಯಾರೋ ಕಾರ್ಡು ತೋರಿಸಿದರು ಎಂದು ಕಾರ್ಡಿನ ಕಣ್ಣು ಹೇಳುತ್ತದೆ. ಕಿವಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಕೇಳಿದ್ದೆಲ್ಲ ಸರಿಯಿದ್ದರೆ ರಿಲೇ ಎಂಬ ಕೈ 'ಟಿಕ್' ಎಂದು ಬೀಗದ ಕರೆಂಟನ್ನು ಕಡಿಯುತ್ತದೆ, ಬೀಗ ಬಿಡುತ್ತದೆ. ಕರೆಂಟು ಹೋದರೂ ಬೀಗ ಬಿಡಲೇಬೇಕು ಎಂದು ಕೆಲೆಪಿ ಹಟ ಹಿಡಿದು ಹಾಗೇ ಜೋಡಿಸಿದ್ದ. ಅವನ ಕೈಕೆಳಗೆ ಇಬ್ಬರು ಕೆಲಸದವರಿದ್ದರು. ಆದರೂ ಈ ಕೋಣೆಯ ಒಂದೊಂದು ವೈರನ್ನೂ ತಾನೇ ಸುಲಿದು, ತಾನೇ ತಿರುಪು ಬಿಗಿದ.

ಅದಕ್ಕೆ ಕಾರಣವಿತ್ತು. ಅಕ್ಕನಿಗಾಗಿ ಅವನು ನೇರವಾಗಿ ಮಾಡಬಹುದಾಗಿದ್ದ ಕೆಲಸ ಅದೊಂದೇ.

ಟೋಂಗಾದಲ್ಲಿ ಅಕ್ಕನೆಂದರೆ ತಮ್ಮನಿಗಿಂತ ಎತ್ತರದ ಪೀಠ. ಚಿಕ್ಕಂದಿನಲ್ಲಿ ಸೊಂಟದ ಮೇಲೆ ಹೊತ್ತು ತಿರುಗಿದ ಅಕ್ಕನೇ ಆಗಲಿ, ಹುಡುಗನ ಮೀಸೆ ಮೊಳೆಯುವ ಮೊದಲೇ ಅವನ ಹಾಸಿಗೆ ಬೇರೆ ಗುಡಿಸಲಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಅಕ್ಕನ ಎದುರು ತಮಾಷೆಯಿಲ್ಲ, ಕಾಲು ಚಾಚುವುದಿಲ್ಲ, ಅವಳಿರುವ ಮುಚ್ಚಿದ ಕೋಣೆಗೆ ಕಾಲಿಡುವುದಂತೂ ಇಲ್ಲವೇ ಇಲ್ಲ. ಮಾತಾಡಲೇಬಾರದು ಎಂದೇನಿಲ್ಲ, ಹತ್ತು ಜನರ ಎದುರು, ತಲೆ ತಗ್ಗಿಸಿ, ಬೇಕಾದಷ್ಟು. ಈಗಿನ ಹುಡುಗರು ಅಕ್ಕನ ಪಕ್ಕದಲ್ಲೇ ಬಿದ್ದುಕೊಂಡು ಟೀವಿ ನೋಡುತ್ತಾರೆ, ಆಕಾಶವೇನೂ ಕಳಚಿ ಬಿದ್ದಿಲ್ಲ. ಆದರೆ ಕೆಲೆಪಿ ಮತ್ತು ಲೆಸಿಯೆಲಿ ಹಳೆಯ ಮನೆಯವರು, ಹಳೆಯ ಅಪ್ಪನ ಮಕ್ಕಳು.

ಹಾಗೆಂದು ಪ್ರೀತಿಗೆ ಕೊರತೆಯಿತ್ತು ಎಂದುಕೊಂಡರೆ ನಿಮ್ಮಂಥ ದಡ್ಡರಿಲ್ಲ. ಅಕ್ಕ ನುವಪಾಪು ದ್ವೀಪದಲ್ಲಿ ಚಾಪೆ ಹೆಣೆಯುವ ಹೆಂಗಸರ ಗುಂಪಿಗೆ ಯಜಮಾನಿ. ಅಲ್ಲಿ ಮರ್ಯಾದೆಯ ಉಡುಪೆಂದರೆ ಸೊಂಟಕ್ಕೆ ಸುತ್ತುವ ಚಾಪೆ; ಅವಳ ಕೈಯ ಚಾಪೆಯನ್ನು ಸುತ್ತದೆ ಕೆಲೆಪಿ ಒಂದು ಭಾನುವಾರವೂ ಚರ್ಚಿಗೆ ಹೋಗಿಲ್ಲ. ಅವನ ತೋಟದ ಮೊದಲ ಗೆಣಸು ದೋಣಿ ಹತ್ತಿ ಅವಳ ಮನೆಗೆ ಹೋಗದೆ ಅವನ ಮನೆಯ ಒಲೆ ಹತ್ತಿಲ್ಲ. ಮಾತಿನ ಲೆಕ್ಕವನ್ನೆಲ್ಲ ಅವರು ಚಾಪೆಯಲ್ಲಿ, ಗೆಣಸಿನಲ್ಲಿ ತೀರಿಸುತ್ತಿದ್ದರು.

ಈಗ ಅಕ್ಕನ ಕೆಮ್ಮಿನಲ್ಲಿ ರಕ್ತ ಬಂದಿತ್ತು. ಎರಡು ತಿಂಗಳಾದರೂ ಕೋಣೆಯಲ್ಲಿದ್ದು ಮಾತ್ರೆ ನುಂಗಬೇಕು, ಆಮೇಲೆ ಮನೆಯಲ್ಲಿ ಮುಂದುವರಿಸಬಹುದು, ಗುಣವಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಈಗಲೇ ಊರಿಗೆ ಹೋದರೆ ಅವಳೂ ಉಳಿಯುವುದಿಲ್ಲ, ಅವಳ ತೊಡೆಯ ಮೇಲೆ ಮಲಗುವ ಮೊಮ್ಮಕ್ಕಳಿಗೂ ಅಂಟುತ್ತದೆ ಎಂದೂ ಹೇಳಿದ್ದರು.

ಲೆಸಿಯೆಲಿಗೆ ರೋಗದ ಭಯವಿರಲಿಲ್ಲ. ಭಯವಿದ್ದದ್ದು ಬಾಗಿಲಿನದು. ಅವರ ಅಜ್ಜಿಯ ಅಕ್ಕನನ್ನು ಕುಷ್ಠವೆಂದು ಹಡಗಿನಲ್ಲಿ ಫಿಜಿಯ ಕಡೆಯ ದ್ವೀಪಕ್ಕೆ ಕರೆದುಕೊಂಡು ಹೋಗಿದ್ದರಂತೆ. ವಾಪಸು ಬಂದದ್ದು ಸುದ್ದಿ ಮಾತ್ರ. ಅಜ್ಜಿ ಆ ಕತೆ ಹೇಳುವಾಗಲೆಲ್ಲ 'ಹೊರಗಿನಿಂದ ಅಗುಳಿ ಹಾಕಿದರಂತೆ' ಎಂಬಲ್ಲಿ ದನಿ ಇಳಿಸುತ್ತಿದ್ದಳು. ಆ ಅಗುಳಿ ಲೆಸಿಯೆಲಿಯ ಎದೆಯಲ್ಲಿ ಸಿಕ್ಕಿಕೊಂಡಿತ್ತು.

"ನಾನು ಒತ್ತಿದಾಗ ತೆರೀಬೇಕು," ಎಂದು ಅವಳು ತೋಕಿಲುಪೆಯ ಕೈಯಲ್ಲಿ ಹೇಳಿಕಳಿಸಿದ್ದಳು. "ಯಾರೋ ಕಾರ್ಡು ತಂದು ತೆರೆಯೋದಲ್ಲ. ನಾನು, ಒಳಗಿನಿಂದ, ಒತ್ತಿದಾಗ. ಹಾಗಾದ್ರೆ ಬರ್ತೀನಿ. ಇಲ್ಲಾಂದ್ರೆ ನನ್ನ ಮನೇಲೇ ಸಾಯ್ತೀನಿ, ಸಮುದ್ರ ನೋಡ್ಕೊಂಡು."

"ಒತ್ತಿದ ತಕ್ಷಣ ತೆರೆಯುತ್ತೆ ಅಂತ ಹೇಳಿ," ಎಂದು ಕೆಲೆಪಿ ಮಾತು ಕೊಟ್ಟಿದ್ದ. "ನನ್ನ ಕೈಯಾರೆ ಹಾಕಿದ ವೈರು ಅಂತ ಹೇಳಿ."

ಆ ಮಾತನ್ನು ನಂಬಿ ಅವಳು ಸೋಮವಾರ ಬಂದಳು. ಒಳಗೆ ಹೋಗಿ ಬಾಗಿಲು ಮುಚ್ಚಿದ್ದೇ ತಡ, ಮಾಸ್ಕ್ ಕೂಡ ತೆಗೆಯದೆ ಗುಂಡಿ ಒತ್ತಿದಳು. ಟಿಕ್. ತೆರೆಯಿತು. ಮುಚ್ಚಿದಳು. ಮತ್ತೆ ಒತ್ತಿದಳು. ತೆರೆಯಿತು. ಹೀಗೆ ಐದಾರು ಸಲ ಆದಮೇಲೆ ಹಾಸಿಗೆಯ ಮೇಲೆ ಕೂತು ನಿಟ್ಟುಸಿರು ಬಿಟ್ಟಳಂತೆ. ಹಾಸಿಗೆಯ ತಲೆದೆಸೆಯ ಗೋಡೆಯಲ್ಲಿ ಬೆಂಕಿಗಿಂಕಿ ಬಿದ್ದರೆ ಒತ್ತುವುದಕ್ಕೆ ಹಸಿರು ಡಬ್ಬಿಯೊಂದಿತ್ತು. ಅದನ್ನು ಒತ್ತಿದರೆ ಎರಡೂ ಬೀಗ ಬಿಟ್ಟು ಇಡೀ ಆಸ್ಪತ್ರೆ ಸೈರನ್ ಕೂಗುತ್ತದೆ. "ಅದನ್ನ ಒತ್ತಿ ಊರಿಗೆಲ್ಲ ನಗೆಪಾಟಲಾಗೋದಕ್ಕಿಂತ ಸುಟ್ಟು ಹೋಗೋದೇ ಮೇಲು," ಅಂದಳಂತೆ. ತೋಕಿಲುಪೆ ಇದನ್ನೆಲ್ಲ ವರಾಂಡದಲ್ಲಿ ಕಾಯುತ್ತಿದ್ದ ಕೆಲೆಪಿಗೆ ನಟಿಸಿ ತೋರಿಸಿದಾಗ ಅವನ ಕಣ್ಣು ತುಂಬಿತು.

ಸಂಜೆ ಸಂಜೆ ಅವನು ಬರತೊಡಗಿದ. ಕೆಲಸದ ಬೆಲ್ಟು ಬಿಚ್ಚಿ ಗಾಡಿಯಲ್ಲಿಟ್ಟು, ಸೊಂಟಕ್ಕೆ ಚಾಪೆ ಸುತ್ತಿ, ಹೆಂಡತಿ ಫೂಸಿ ಕಟ್ಟಿಕೊಟ್ಟ ಬುಟ್ಟಿ ಹಿಡಿದು. ಬುಟ್ಟಿಯಲ್ಲಿ ಕೆಸುವಿನೆಲೆಯಲ್ಲಿ ಡಬ್ಬಿಯ ಮಾಂಸ, ತೆಂಗಿನ ಹಾಲು ಸುತ್ತಿ ನೆಲದೊಲೆಯಲ್ಲಿ ಬೇಯಿಸಿದ ಲೂ, ಜೊತೆಗೆ ಗೆಣಸು. ಹೊರಬಾಗಿಲು ತೆರೆದು ಬುಟ್ಟಿಯನ್ನು ನಡುಕೋಣೆಯ ಕಟ್ಟೆಯ ಮೇಲಿಟ್ಟು, ಅಲ್ಲೇ ಹೊಸ್ತಿಲ ಮೇಲೆ ಕೂರುತ್ತಿದ್ದ. ಮನೆಯವರೊಬ್ಬರು ಹಾಸಿಗೆ ಹಿಡಿದಿರುವಾಗ ಪಕ್ಕದಲ್ಲಿ ಕೂರುವುದು ಧರ್ಮ. ಆದರೆ ಅಕ್ಕನ ಕೋಣೆಯೊಳಗೆ ಬಾಗಿಲು ಮುಚ್ಚಿಕೊಂಡು ಕೂರುವುದು ಅಧರ್ಮ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೇ ಹೊರಬಾಗಿಲಿಗೆ ಬೆನ್ನು ಕೊಟ್ಟು, ಅದು ಮುಚ್ಚದಂತೆ ತಡೆದುಕೊಂಡು, ಮುಖವನ್ನು ವರಾಂಡದ ಕಡೆ ತಿರುಗಿಸಿ ಕೂರುತ್ತಿದ್ದ. ಹೋಗಿ ಬರುವವರೆಲ್ಲ ನೋಡಲಿ: ಕೆಲೆಪಿ ಅಕ್ಕನಿಗಾಗಿ ಬಂದಿದ್ದಾನೆ, ಆದರೆ ಅಕ್ಕನ ಜೊತೆ ಮುಚ್ಚಿದ ಕೋಣೆಯಲ್ಲಿ ಇಲ್ಲ.

ನೋಡಿದವರೆಲ್ಲ ಮೆಚ್ಚಿಕೊಂಡರು. ಎಂಥ ಮರ್ಯಾದಸ್ಥ ಎಂದರು. ಬಾಗಿಲು ತೆರೆದಿಡಬೇಡ ಎಂದು ಹೇಳಬೇಕಾದ ತೋಕಿಲುಪೆ ಕೂಡ ಬಾಯಿ ಮುಚ್ಚಿಕೊಂಡಳು. ಅಕ್ಕನ ಕೋಣೆಯ ಬಾಗಿಲು ಮುಚ್ಚಿಕೋ ಎಂದು ಒಬ್ಬ ತಮ್ಮನಿಗೆ ಹೇಳುವ ನಾಲಿಗೆ ಅವಳಿಗಿರಲಿಲ್ಲ. ಒಳಬಾಗಿಲು ಮುಚ್ಚಿಯೇ ಇರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡಳು. ಅವನು ಎದ್ದು ಹೋದ ಮೇಲೆ ಬಂದು ಬುಟ್ಟಿಯನ್ನು ಒಳಗೆ ಕೊಡುತ್ತಿದ್ದಳು.

ನಿಮಗೆ ಆಗಲೇ ಹೊಳೆದಿರಬೇಕು. ಅವನಿಗೆ ಹೊಳೆಯಲಿಲ್ಲ.

ಬುಧವಾರ ತೋಕಿಲುಪೆ ಗೇಟಿನ ಹತ್ತಿರವೇ ಅವನನ್ನು ತಡೆದಳು.

"ನಿಮ್ಮಕ್ಕ ಗಂಟು ಕಟ್ತಿದಾಳೆ ಕಣಪ್ಪ. ಶನಿವಾರದ ದೋಣಿಗೆ ಊರಿಗೆ ಹೋಗ್ತಾಳಂತೆ."

"ಯಾಕೆ? ಏನಾಯ್ತು?"

"ಬಾಗಿಲು ತೆರೆಯಲ್ವಂತೆ."

ಕೆಲೆಪಿ ಬೆಲ್ಟು ಸಮೇತ ಓಡಿದ. ಹಿಂದೆಯೇ ಬಂದ ತೋಕಿಲುಪೆಯ ಜೊತೆ ನಡುಕೋಣೆಗೆ ಹೋಗಿ, ಮೀಟರು ಹಚ್ಚಿ ನೋಡಿದ. ತೋಕಿಲುಪೆ ಅವನನ್ನು ಆಚೆ ಕಳಿಸಿ, ಹೊರಬಾಗಿಲು ಮುಚ್ಚಿ, ತಾನು ಒಳಗೆ ಹೋಗಿ ಗುಂಡಿ ಒತ್ತಿ ನೋಡಿದಳು. ಟಿಕ್, ತೆರೆಯಿತು. ಹತ್ತು ಸಲ ಒತ್ತಿದರೆ ಹತ್ತು ಸಲ ತೆರೆಯಿತು.

"ಸರಿಯಾಗೇ ಇದೆಯಲ್ಲ!"

"ಅದನ್ನೇ ನಾನೂ ಹೇಳ್ದೆ," ಅಂದಳು ತೋಕಿಲುಪೆ. ಆಮೇಲೆ ಸುತ್ತಮುತ್ತ ನೋಡಿ ದನಿ ತಗ್ಗಿಸಿದಳು. "ಬೆಳಿಗ್ಗೆ ತೆರೆಯುತ್ತಂತೆ. ಮಧ್ಯಾಹ್ನ ತೆರೆಯುತ್ತಂತೆ. ಸಂಜೆ ನೀನು ಬಂದಾಗ ಮಾತ್ರ ತೆರೆಯಲ್ವಂತೆ."

"ನಾನು ಬಂದಾಗ ಮಾತ್ರ?"

"ಸಂಜೆ ಕತ್ತಲಾಗ್ತಾ ಬರುತ್ತೆ. ಅವಳಿಗೆ ಭಯ ಜಾಸ್ತಿ ಆಗೋದೇ ಆಗ. ಒತ್ತಿ ಒತ್ತಿ ನೋಡ್ತಾಳಂತೆ, ಗುಂಡಿ ಮೆಲ್ಲಗೆ ಪೀಂ ಅಂದು ಸುಮ್ಮನಾಗುತ್ತಂತೆ. ಅದಕ್ಕೇ..." ತೋಕಿಲುಪೆ ಸೀರಿಯಸ್ಸಾದಳು. "ಅವಳು ಹೇಳಿದ್ದನ್ನ ಹಾಗೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. 'ನಾನು ಎದುರಿಗೆ ಬಂದ್ರೆ ಅವನಿಗೆ ಇರುಸುಮುರುಸು. ಅದಕ್ಕೇ ಅವನಿದ್ದಾಗ ನನ್ನ ಕೂಡಿ ಹಾಕೋ ಹಾಗೆ ವೈರು ಮಾಡಿದಾನೆ. ಮಾಡ್ಲಿ, ತಪ್ಪಲ್ಲ. ಆದ್ರೆ ನನಗೆ ಸುಳ್ಳು ಹೇಳಬಾರದಿತ್ತು' ಅಂದಳು."

ಕೆಲೆಪಿ ಕೈಯಲ್ಲಿದ್ದ ಮೀಟರನ್ನೇ ದಿಟ್ಟಿಸಿದ. ಬಾಗಿಲಿಗೆ ಯಾರು ಬಂದರೆಂದು ಗೊತ್ತಾಗುತ್ತದೆಯೇ? ತಮ್ಮ ಬಂದ, ಮುಚ್ಚಿಕೋ ಎಂದು ರಿಲೇಗೆ ಯಾರು ಹೇಳಿಕೊಡುತ್ತಾರೆ? "ಹಾಗೆ ಮಾಡೋಕೆ ಬರೋದೇ ಇಲ್ಲ ಅಂತ ಹೇಳಿ ಚಿಕ್ಕಮ್ಮ," ಅಂದ. ತೋಕಿಲುಪೆ ಒಳಗೆ ಹೋಗಿ ಬಂದಳು. "ಬರೋದಿಲ್ಲ ಅಂದ್ರೆ ಯಾಕೆ ಆಗ್ತಿದೆ ಅಂತ ಕೇಳ್ತಾಳೆ," ಅಂದಳು.

ಗುರುವಾರ ಇಡೀ ದಿನ ಅವನು ಆ ಪೆಟ್ಟಿಗೆಯೊಳಗೆ ತಲೆ ಹಾಕಿಕೊಂಡಿದ್ದ. ರಿಲೇ ಬದಲಾಯಿಸಿದ. ಅವನು ಹೇಳಿಕೊಟ್ಟ ಹಾಗೆ ತೋಕಿಲುಪೆ ಒಳಗಿನ ಗುಂಡಿಯನ್ನು ಬಿಚ್ಚಿ ಹೊಸದು ಹಾಕಿದಳು. ಚೌಕಟ್ಟಿನ ಸ್ವಿಚ್ಚುಗಳನ್ನು ಕಿತ್ತು ಮತ್ತೆ ಕೂರಿಸಿದ. ಉಪ್ಪುಗಾಳಿಗೆ ವೈರಿನ ತುದಿ ಹಸಿರುಗಟ್ಟಿರಬಹುದೆಂದು ಎಲ್ಲವನ್ನೂ ಕತ್ತರಿಸಿ ಹೊಸದಾಗಿ ಸುಲಿದ. ಪ್ರತಿ ಸಲವೂ ತಾನು ಆಚೆ ಹೋಗಿ, ಹೊರಬಾಗಿಲು ಮುಚ್ಚಿ, ತೋಕಿಲುಪೆಯ ಕೈಲಿ ಒಳಗಿನಿಂದ ಒತ್ತಿಸಿ ಪರೀಕ್ಷೆ ಮಾಡಿದ. ಪ್ರತಿ ಸಲವೂ ಪಾಸು. ಸಂಜೆ ಬೆಲ್ಟು ಬಿಚ್ಚಿ ಚಾಪೆ ಸುತ್ತಿಕೊಂಡು ಬಂದು ಹೊಸ್ತಿಲ ಮೇಲೆ ಕೂತ. ಮರುದಿನ ಬೆಳಿಗ್ಗೆ ತೋಕಿಲುಪೆ ಇಲ್ಲವೆಂದು ತಲೆಯಾಡಿಸಿದಳು. ನಿನ್ನೆಯೂ ತೆರೆಯಲಿಲ್ಲ.

ಮಂದಬುದ್ಧಿಯವನೇನಲ್ಲ ಕೆಲೆಪಿ. ಆಸ್ಪತ್ರೆಯಿರುವ ಈ ನೆಯಾಫು ಊರಿನ ಬಂದರಿನ ಅಷ್ಟೂ ಶೈತ್ಯದ ಗೋದಾಮುಗಳು ಅವನ ಕೈಯಲ್ಲೇ ಓಡುತ್ತವೆ. ಆದರೆ ಕೆಲಸದ ಬೆಲ್ಟು ಕಟ್ಟಿಕೊಂಡಾಗ ಬರುವ ಕೆಲೆಪಿಯೇ ಬೇರೆ, ಚಾಪೆ ಸುತ್ತಿಕೊಂಡು ಬರುವ ಕೆಲೆಪಿಯೇ ಬೇರೆ. ಮೊದಲನೆಯವನು ಬಾಗಿಲು ನೋಡುತ್ತಾನೆ. ಎರಡನೆಯವನು ಅಕ್ಕನ ಮಾನ ನೋಡುತ್ತಾನೆ, ಬಾಗಿಲು ಅವನ ಲೆಕ್ಕದಲ್ಲೇ ಇಲ್ಲ. ತನ್ನ ಬೆನ್ನು ತನಗೆ ಕಾಣುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಶುಕ್ರವಾರ ಬುಟ್ಟಿ ಕಟ್ಟುತ್ತಾ ಫೂಸಿ ರೇಗಿದಳು. ಅವಳು ಆಕ್ಲೆಂಡಿನಲ್ಲಿ ಬೆಳೆದವಳು. ಅವಳ ಅಣ್ಣಂದಿರು ಫೋನಿನಲ್ಲೇ ಅವಳ ಕಾಲೆಳೆಯುತ್ತಾರೆ.

"ನಾಳೆ ಹೋಗಿಬಿಡ್ತಾರೆ ಅವರು. ಇನ್ನೂ ಚಿಕ್ಕಮ್ಮನ ಕೈಲಿ ಹೇಳಿಕಳಿಸ್ತಾ ಕೂತಿರ್ತೀಯಾ? ಹೋಗಿ ಬಾಯಿ ಬಿಟ್ಟು ಹೇಳು."

"ಏನು ಹೇಳ್ಲಿ? ವೈರಲ್ಲಿ ತಪ್ಪೇ ಇಲ್ಲ."

"ವೈರಿನ ವಿಷಯ ಯಾರು ಕೇಳಿದ್ರು? ಹೋಗಬೇಡ ಅಕ್ಕ ಅಂತ ಹೇಳು. ಅಷ್ಟು ಹೇಳೋಕೂ ಊರೆಲ್ಲ ಸಾಕ್ಷಿ ಬೇಕಾ ನಿಮಗೆ?"

ಅವನು ಬುಟ್ಟಿ ಎತ್ತಿಕೊಂಡು ಹೊರಟ. ದಾರಿಯುದ್ದಕ್ಕೂ 'ಹೋಗಬೇಡ ಅಕ್ಕ' ಎಂದು ಒಳಗೊಳಗೇ ಹೇಳಿ ನೋಡಿದ. ಗಾಡಿಯಲ್ಲಿ ಒಬ್ಬನೇ ಇದ್ದರೂ ಜೋರಾಗಿ ಹೇಳಲಾಗಲಿಲ್ಲ.

ಆಸ್ಪತ್ರೆಯಲ್ಲಿ ತೋಕಿಲುಪೆ ಇರಲಿಲ್ಲ. ಹೆರಿಗೆಯ ವಾರ್ಡಿನಲ್ಲಿ ಅವಳಿ ಮಕ್ಕಳ ಗಲಾಟೆ, ಎಲ್ಲರೂ ಅಲ್ಲಿ ಸೇರಿದ್ದರು. ಸೂರ್ಯ ಬಂದರಿನಾಚೆಯ ಗುಡ್ಡಕ್ಕೆ ಇಳಿದಿದ್ದ. ಕೆಲೆಪಿ ಬುಟ್ಟಿ ಇಟ್ಟು, ಎಂದಿನಂತೆ ಹೊರಬಾಗಿಲಿಗೆ ಬೆನ್ನು ಕೊಟ್ಟು ಕೂತ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೆಮ್ಮು ಕೇಳಿತು. ನಿಲ್ಲುವ ಕೆಮ್ಮಲ್ಲ. ಒಂದರ ಬೆನ್ನಿಗೆ ಒಂದು, ಉಸಿರಿಗೂ ಬಿಡುವು ಕೊಡದ ಹಾಗೆ. ಆಮೇಲೆ ಮರದ ಮೇಲೆ ಬೆರಳ ಗೆಣ್ಣಿನ ಸದ್ದು. ತಟ್, ತಟ್. ಮತ್ತೆ ಕೆಮ್ಮು.

ಅಷ್ಟು ದಿನದಲ್ಲಿ ಮೊದಲ ಬಾರಿಗೆ ಕೆಲೆಪಿ ಕತ್ತು ಹೊರಳಿಸಿ ಒಳಬಾಗಿಲ ಕಡೆ ನೋಡಿದ. ಬಾಗಿಲ ನೆತ್ತಿಯ ಮೇಲಿನ ಪುಟ್ಟ ದೀಪ ಕೆಂಪಗೆ ಹೊತ್ತಿ ಆರಿತು. ಮತ್ತೆ ಕೆಂಪಗೆ ಹೊತ್ತಿ ಆರಿತು. ಅಕ್ಕ ಒತ್ತುತ್ತಿದ್ದಾಳೆ. ಕೆಂಪು ಎಂದರೆ ಏನು? ಅವನೇ ಹಾಕಿದ ದೀಪ. ಕೆಂಪು ಎಂದರೆ ಇನ್ನೊಂದು ಬಾಗಿಲು ತೆರೆದಿದೆ.

ಇನ್ನೊಂದು ಬಾಗಿಲು ಅವನ ಬೆನ್ನ ಹಿಂದಿತ್ತು.

ಒಂದು ಕ್ಷಣ ಅವನಿಗೆ ನಗು ಬಂತು, ಮರುಕ್ಷಣ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಅಕ್ಕನಿಗೆ ಗೌರವ ಕೊಡುತ್ತೇನೆಂದು ಪ್ರತಿ ಸಂಜೆ ಬಂದು, ಅವಳು ಹೆದರುವ ಹೊತ್ತಿಗೆ ಸರಿಯಾಗಿ, ಅವಳನ್ನು ಕೂಡಿಹಾಕಿ ಕೂತಿದ್ದ. ಅವಳ ದೂರಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ತಮ್ಮ ಬಂದಾಗ ಮಾತ್ರ ಬೀಗ ಬೀಳುತ್ತಿತ್ತು.

ಎದ್ದು ಆಚೆ ಹೋಗಿ ಬಾಗಿಲು ಮುಚ್ಚಿದರೆ ಸಾಕು, ಅಕ್ಕನ ಬಾಗಿಲು ತೆರೆಯುತ್ತದೆ. ಅವನು ಎದ್ದೇಬಿಟ್ಟ. ಹೊಸ್ತಿಲ ಆಚೆ ಒಂದು ಕಾಲೂ ಇಟ್ಟ. ಆಮೇಲೆ ನಿಂತ. ಈಗ ಹೋದರೆ ಅವಳು ಏನೆಂದುಕೊಳ್ಳುತ್ತಾಳೆ? ತಮ್ಮ ಹೋದ, ಬಾಗಿಲು ತೆರೆಯಿತು. ನಾನು ಹೇಳಲಿಲ್ಲವೇ ಎಂದುಕೊಳ್ಳುತ್ತಾಳೆ. ನಾಳೆ ಬೆಳಿಗ್ಗೆ ಗಂಟು ಹಿಡಿದು ದೋಣಿ ಹತ್ತುತ್ತಾಳೆ. ಆಮೇಲೆ ಯಾವ ಚಿಕ್ಕಮ್ಮನ ಕೈಲಿ ಹೇಳಿಕಳಿಸಿದರೂ ಅದು ನುವಪಾಪುವಿನ ಸ್ಮಶಾನದ ಮರಳಿಗೆ ಹೇಳಿಕಳಿಸಿದ ಹಾಗೆ.

ಬಾಗಿಲು ತೆರೆಯಬೇಕು, ಅವನು ಅಲ್ಲೇ ಇರಬೇಕು. ಅದಕ್ಕೆ ದಾರಿ ಒಂದೇ.

ಕೆಲೆಪಿ ಕಾಲು ಹಿಂದಕ್ಕೆ ತೆಗೆದುಕೊಂಡ. ಕಟ್ಟೆಯ ಮೇಲಿನ ಡಬ್ಬಿಯಿಂದ ಮಾಸ್ಕ್ ತೆಗೆದು ಹಾಕಿಕೊಂಡ. ನಡುಕೋಣೆಯೊಳಗೆ ನಿಂತು, ಹೊರಬಾಗಿಲನ್ನು ಎಳೆದು, ಬೀಗ ಹಿಡಿಯುವ ಸದ್ದು ಕೇಳುವ ತನಕ ಮುಚ್ಚಿದ. ಸತ್ತ ಅಪ್ಪ ಎಲ್ಲಿಂದಲೋ ನೋಡುತ್ತಿದ್ದಾನೆ ಎನ್ನಿಸಿತು. ನೋಡಲಿ ಎಂದುಕೊಂಡ.

"ಅಕ್ಕ."

ಒಳಗೆ ಕೆಮ್ಮು ತಡೆದು ನಿಂತಿತು.

"ಯಾರದು?"

"ನಾನು. ಕೆಲೆಪಿ."

"ತೋಕಿಲುಪೆ ಎಲ್ಲಿ?"

"ಹೆರಿಗೆ ಕಡೆ ಇದಾರೆ. ನಾನೊಬ್ನೇ. ನಡುಕೋಣೇಲಿದೀನಿ. ಆಚೆ ಬಾಗಿಲು ಮುಚ್ಚಿದೀನಿ."

"ಮುಚ್ಚಿದೀಯಾ? ಒಳಗೆ ನಿಂತ್ಕೊಂಡು? ತಲೆ ಕೆಟ್ಟಿದ್ಯೇನೋ ನಿನಗೆ! ಹೋಗು, ಮೊದ್ಲು ಆಚೆ ಹೋಗು."

"ಹೋಗಲ್ಲ."

ಅಕ್ಕನಿಗೆ 'ಹೋಗಲ್ಲ' ಎಂದು ಅವನು ಈ ಜನ್ಮದಲ್ಲಿ ಹೇಳಿರಲಿಲ್ಲ. ಹೇಳಿದ ಮೇಲೆ ಮಿಕ್ಕದ್ದೆಲ್ಲ ತಾನಾಗಿಯೇ ಬಂತು. "ಅಕ್ಕ, ನಾನು ನಿನಗೆ ಸುಳ್ಳು ಹೇಳಿಲ್ಲ. ಬೀಗ ನಿನ್ನ ತಡೀತಿರಲಿಲ್ಲ, ನಾನೇ ತಡೀತಿದ್ದೆ. ದಿನಾ ಸಂಜೆ ಆಚೆ ಬಾಗಿಲಿಗೆ ಬೆನ್ನು ಕೊಟ್ಕೊಂಡು ಕೂತಿದ್ದೆ. ಅದು ತೆರೆದಿದ್ರೆ ಇದು ತೆರೆಯೋ ಹಾಗಿಲ್ಲ. ಮುಚ್ಕೊಂಡು ಕೂತ್ರೆ ನಿನಗೆ ಅವಮಾನ ಅಂತ ತೆರೆದಿಟ್ಟಿದ್ದೆ. ನಾನೇ ಹಾಕಿದ ವೈರು, ನಂಗೇ ಹೊಳೀಲಿಲ್ಲ. ಕತ್ತೆ ನಾನು. ಈಗ ಒತ್ತು. ನಾನಿಲ್ಲೇ ಇದೀನಿ. ಒತ್ತು."

ಕೆಲೆಪಿ ನೆಲ ನೋಡುತ್ತಾ ನಿಂತಿದ್ದ.

ಟಿಕ್.

ನೆತ್ತಿಯ ದೀಪ ಹಸಿರಾಯಿತು. ಬೀಗ ಬಿಟ್ಟ ಬಾಗಿಲು ಹೆಬ್ಬೆರಳಗಲ ಸರಿಯಿತು. ಆ ಸಂದಿನಲ್ಲಿ ನಾಲ್ಕು ಬೆರಳು ಬಾಗಿಲ ಅಂಚನ್ನು ಹಿಡಿದವು. ಹೆಣಿಗೆಯಿಂದ ತುದಿ ಗಟ್ಟಿಯಾದ ಬೆರಳು. ಅವು ಇಷ್ಟು ಸೊರಗಿವೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನಿಗೆ ದುಃಖ ಒತ್ತರಿಸಿ ಬಂತು.

"ತೆರೀತು ಕಣೋ," ಅಂದಳು ಲೆಸಿಯೆಲಿ. ಬಾಗಿಲಾಚೆ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಅವನಿಗೆ ತಿಳಿಯಲಿಲ್ಲ.

"ಪೂರ್ತಿ ತೆರಿ ಅಕ್ಕ. ನಾನು ಆ ಕಡೆ ತಿರುಗಿ ನಿಂತ್ಕೋತೀನಿ."

"ಬೇಡ." ಬೆರಳುಗಳು ಒಳಕ್ಕೆ ಸರಿದವು. ಬಾಗಿಲು ಮೆಲ್ಲಗೆ ಮುಚ್ಚಿತು, ಬೀಗ ಹಿಡಿಯಿತು. "ನನ್ನ ಕೆಮ್ಮು ನಿನಗ್ಯಾಕೆ? ಮನೇಲಿ ಮಕ್ಕಳಿದಾವೆ. ತೆರೆಯುತ್ತೆ ಅಂತ ಗೊತ್ತಾಯ್ತಲ್ಲ, ಅಷ್ಟು ಸಾಕು. ತೆರೆಯೋ ಬಾಗಿಲಾದ್ರೆ ಮುಚ್ಕೊಂಡು ಎಷ್ಟು ದಿನ ಬೇಕಾದ್ರೂ ಇರ್ತೀನಿ."

"ದೋಣಿ?"

"ನಾಳೆ ನಂಗೆ ಕಾಯೋದು ಬೇಡ ಅಂತ ಹೇಳ್ಕಳಿಸು. ಮಕ್ಕಳಿಗೆ ಅಜ್ಜಿ ಮಾತ್ರೆ ನುಂಗ್ತಿದಾಳೆ ಅಂತ ಹೇಳು."

ಕೆಲೆಪಿ ಮಾಸ್ಕ್ ತೆಗೆಯದೆಯೇ ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಹೊರಬಾಗಿಲ ಗಾಜಿನಾಚೆ ತೋಕಿಲುಪೆಯ ಮುಖ ಕಾಣಿಸಿತು. ಮುಚ್ಚಿದ ಬಾಗಿಲೊಳಗೆ ನಿಂತ ತಮ್ಮನನ್ನು ಕಂಡು ಅವಳ ಬಾಯಿ ತೆರೆದುಕೊಂಡಿತು, ಕಾರ್ಡು ಹಿಡಿದ ಕೈ ಮೇಲೇರಿತು. ಆಮೇಲೆ ಏನೆನ್ನಿಸಿತೋ, ಕೈ ಇಳಿಸಿದಳು. ತಿರುಗಿ, ತನ್ನ ಅಗಲವಾದ ಬೆನ್ನಿನಿಂದ ಗಾಜನ್ನು ಪೂರ್ತಿ ಮುಚ್ಚಿ ನಿಂತುಕೊಂಡಳು. ವರಾಂಡದಲ್ಲಿ ಬರುತ್ತಿದ್ದ ಯಾರನ್ನೋ ಅವಳು ಗದರುವುದು ಕೇಳಿತು. "ಏನು ನೋಡ್ತೀರಿ ಇಲ್ಲಿ? ನೆಲ ಒದ್ದೆ ಇದೆ. ಆ ಕಡೆಯಿಂದ ಹೋಗಿ, ಹೋಗಿ."

ನೆಲ ಒಣಗಿಯೇ ಇತ್ತು.

"ಬರ್ತೀನಿ ಅಕ್ಕ," ಅಂದ ಕೆಲೆಪಿ. "ನಾಳೆಯಿಂದ ಗಾಜಿನಾಚೆ ಕೂತ್ಕೋತೀನಿ. ಬಾಗಿಲು ಮುಚ್ಚಿ. ನೀನು ಎಷ್ಟು ಸಲ ಬೇಕಾದ್ರೂ ಒತ್ತು."

"ತಡಿ."

ಅವನು ನಿಂತ.

"ನಿನ್ನ ದನಿ ಥೇಟ್ ಅಪ್ಪನ ದನಿ ಆಗಿದೆ ಕಣೋ," ಅಂದಳು ಅಕ್ಕ. "ಚರ್ಚಲ್ಲಿ ಹಾಡೋವಾಗ, ಮನೇಲಿ ತಲೆ ತಗ್ಗಿಸಿ ಮಾತಾಡೋವಾಗ, ಅಷ್ಟು ಜನರ ಮಧ್ಯೆ ಕೇಳಿದ್ದೆ. ಒಂಟಿಯಾಗಿ ಕೇಳೇ ಇರಲಿಲ್ಲ. ಹುಡುಗನ ದನೀನೇ ಮನಸಲ್ಲಿ ಇಟ್ಕೊಂಡಿದ್ದೆ ನಾನು ಇಷ್ಟು ವರ್ಷ." ಒಂದು ಸಲ ಕೆಮ್ಮಿದಳು. "ಹೋಗೋಕೆ ಮುಂಚೆ ಇನ್ನೊಂದು ಸಲ ಕರಿ ನನ್ನ."

ಕೆಲೆಪಿ ಗಂಟಲು ಸರಿಮಾಡಿಕೊಂಡು ಕರೆದ.